ಅನಿಮೋನ್ ಬೆಳ್ಳಗಾದರೆ ಮೊದಲು ಏನು ನೋಡಬೇಕು: ರಾಯಚೂರಿನ ಒಂದು ಬೇಸಿಗೆಯಲ್ಲಿ ಕಲಿತದ್ದು

ಮೇ ಮೊದಲ ವಾರ. ಕಾಲೇಜಿಗೆ ರಜೆ. ನಮ್ಮ ಅಟೆಂಡರ್ ಅಣ್ಣನ ಫೋನ್ ಬಂತು. "ಮೇಡಂ, ನಿಮ್ಮ ಜಾಡಿ ಒಳಗಿನ ಹೂವು ಎಲ್ಲಾ ಬೆಳ್ಳಗಾಗ್ಯಾವ್ರಿ. ಸತ್ತಾವೋ ಏನೋ. ನೀರು ಚೆಲ್ಲಿಬಿಡಲೇನ್ರಿ?"

"ಬ್ಯಾಡಣ್ಣ, ಹಂಗ ಇರಲಿ. ನಾ ಬಂದೆ" ಅಂದೆ.

ಹೋಗಿ ನೋಡಿದರೆ ಹನ್ನೊಂದು ಜಾಡಿಗಳಲ್ಲಿ ಒಂಬತ್ತು ಜಾಡಿಯ ಅನಿಮೋನ್‌ಗಳು, ಅಂದರೆ ಹೂವಿನ ಹಾಗೆ ಕಾಣುವ ಆ ಕಡಲ ಪ್ರಾಣಿಗಳು, ಬಣ್ಣ ಕಳೆದುಕೊಂಡಿದ್ದವು. ಎರಡು ಜಾಡಿಯಲ್ಲಿ ಮಾತ್ರ ಮೊದಲಿನ ಹಾಗೇ ಕಂದು ಬಣ್ಣ. ಕಾರಣ ಹುಡುಕಲು ನನಗೆ ಆರು ವಾರ ಹಿಡಿಯಿತು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಎರಡು ದಿನ ಸಾಕಿತ್ತು. ನಮ್ಮಂಥ ಬಿಸಿಲೂರುಗಳಲ್ಲಿ ಈ ಜೀವಿಯನ್ನು ಸಾಕುವ ಬೇರೆ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಆ ಕ್ರಮ ಸಿಗಲಿ ಎಂದು ಬರೆಯುತ್ತಿದ್ದೇನೆ.

ಜಾಡಿಯಲ್ಲಿ ಇರುವುದೇನು

ಇದರ ಹೆಸರು ಐಪ್ಟೇಸಿಯ. ಬೆರಳ ತುದಿಯಷ್ಟಿರುವ ಸಮುದ್ರ ಅನಿಮೋನ್. ಸಮುದ್ರದ ಅಕ್ವೇರಿಯಂ ಇಟ್ಟವರಿಗೆ ಇದು ಕಳೆ. ಕಲ್ಲಿನ ಜೊತೆ ಬಂದು ಹಬ್ಬಿಬಿಡುತ್ತದೆ, ಕಿತ್ತರೂ ಪಾದದ ಚೂರಿನಿಂದ ಮತ್ತೆ ಹುಟ್ಟುತ್ತದೆ. ನಮಗೆ ಇದು ಮಂಗಳೂರಿನ ಗೆಳತಿಯೊಬ್ಬರ ಅಕ್ವೇರಿಯಂನಿಂದ ಬಂತು, ಥರ್ಮಾಸ್ ಫ್ಲಾಸ್ಕಿನಲ್ಲಿ.

ಹವಳವನ್ನೇ ಯಾಕೆ ಸಾಕಬಾರದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಾಕುವಂತಿಲ್ಲ. ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಸಾಕುವ ಅಗತ್ಯವೂ ಇಲ್ಲ. ಹವಳದ ಒಳಗೆ ನಡೆಯುವ ಮುಖ್ಯ ವ್ಯವಹಾರ ಈ ಪುಟ್ಟ ಅನಿಮೋನ್ ಒಳಗೂ ನಡೆಯುತ್ತದೆ. ಅದಕ್ಕೇ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಹವಳದ ಬದಲಿಗೆ ಇದನ್ನೇ ಇಟ್ಟುಕೊಂಡಿವೆ.

ಆ ವ್ಯವಹಾರ ನಮ್ಮ ಕಡೆ ರೈತರಿಗೆ ಹೊಸದಲ್ಲ. ಶೇಂಗಾ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ತೊಗರಿಯಲ್ಲೂ ಇರುತ್ತವೆ. ಒಳಗೆ ಬ್ಯಾಕ್ಟೀರಿಯಾ. ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿ ಮಾಡಿಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಹವಳದಲ್ಲಿ ಪಾತ್ರಗಳು ಬೇರೆ. ಒಂದೇ ಕೋಶದ ಕಂದು ಪಾಚಿ ಪ್ರಾಣಿಯ ಜೀವಕೋಶದ ಒಳಗೇ ಮನೆ ಮಾಡಿಕೊಂಡಿರುತ್ತದೆ. ಬಿಸಿಲಲ್ಲಿ ಸಕ್ಕರೆ ಮಾಡಿ ಮನೆಯವರಿಗೆ ಕೊಡುತ್ತದೆ. ಪ್ರಾಣಿ ತನ್ನ ಸಾರಜನಕದ ಕಸವನ್ನು ಅದಕ್ಕೆ ಗೊಬ್ಬರವಾಗಿ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಈ ಪಾಚಿಯಿಂದಲೇ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪಾಚಿ ಕೋಶಗಳಿರುತ್ತವೆ. ಕಂದು ಬಣ್ಣ ಅವುಗಳದ್ದೇ. ಅವು ಹೋದರೆ ಪ್ರಾಣಿಯ ಮೈ ಗಾಜಿನ ಹಾಗೆ ಉಳಿಯುತ್ತದೆ. ಹವಳವಾದರೆ ಮೈಯೊಳಗಿನ ಸುಣ್ಣದ ಗೂಡು ಹೊರಗೆ ಕಾಣಿಸಿ ಬೆಳ್ಳಗೆ ಕಾಣುತ್ತದೆ.

ಸತ್ತಿದೆಯೋ, ಬಿಳಿಚಿದೆಯೋ

ಇಲ್ಲಿಂದಲೇ ಶುರು ಮಾಡಿ. ಬೆಳ್ಳಗಾಗಿದೆ ಅಂದರೆ ಸತ್ತಿದೆ ಅಂತಲ್ಲ.

ಡ್ರಾಪರ್ ತುದಿಯಿಂದ ಬಾಯಿ ಸುತ್ತಲಿನ ಎಳೆಗಳನ್ನು ಮೆಲ್ಲಗೆ ಮುಟ್ಟಿ. ಬದುಕಿದ್ದರೆ ಥಟ್ಟನೆ ಒಳಗೆ ಎಳೆದುಕೊಳ್ಳುತ್ತದೆ. ಸತ್ತದ್ದು ಕರಗಲು ಶುರುವಾಗಿರುತ್ತದೆ, ಲೋಳೆ ಲೋಳೆ, ಮುಚ್ಚಳ ತೆಗೆದರೆ ವಾಸನೆ. ಮುದುಡಿ ಕೂತ ಅನಿಮೋನ್ ಕೂಡ ಮೋಸ ಮಾಡುತ್ತದೆ. ಮುದುಡಿದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಅರಳಿದಾಗ ತಿಳಿಯಾಗಿ. ಹಾಗಾಗಿ ಪೂರ್ತಿ ಅರಳಿದಾಗ ಮಾತ್ರ ಬಣ್ಣ ನೋಡಿ, ಹಿಂದೆ ಬಿಳಿ ಕಾಗದ ಹಿಡಿದು.

ಇನ್ನೂ ಅನುಮಾನ ಇದ್ದರೆ ಒಂದು ಎಳೆಯ ತುದಿ ಕತ್ತರಿಸಿ ಸ್ಲೈಡಿನ ಮೇಲಿಡಿ. ಕವರ್ ಸ್ಲಿಪ್ ಹಾಕಿ ಮೆಲ್ಲಗೆ ಒತ್ತಿ. ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಪಾಚಿ ಕೋಶಗಳು ಬಂಗಾರ ಕಂದು ಬಣ್ಣದ ಗುಂಡು ಚುಕ್ಕೆಗಳ ಹಾಗೆ ಕಾಣುತ್ತವೆ, ಸುಮಾರು 10 ಮೈಕ್ರಾನ್ ಅಗಲ. ಆರೋಗ್ಯವಾಗಿರುವ ಎಳೆಯಲ್ಲಿ ಒತ್ತೊತ್ತಾಗಿ ತುಂಬಿರುತ್ತವೆ. ನಮ್ಮ ಒಂಬತ್ತು ಜಾಡಿಗಳಲ್ಲಿ ಒಂದು ದೃಷ್ಟಿಕ್ಷೇತ್ರಕ್ಕೆ ಮೂರೋ ನಾಲ್ಕೋ ಸಿಕ್ಕವು. ಪ್ರಾಣಿಗಳು ಮಾತ್ರ ಬದುಕಿದ್ದವು. ಅಂದರೆ ನಮ್ಮದು ಬಿಳಿಚುವಿಕೆ.

ಜಾಡಿಯ ತಳದಲ್ಲಿ ಸಣ್ಣ ಕಂದು ಉಂಡೆ ಕಂಡರೆ ಗಾಬರಿಯಾಗಬೇಡಿ. ಅನಿಮೋನ್ ದಿನವೂ ಒಂದಿಷ್ಟು ಹಳೇ ಪಾಚಿಯನ್ನು ಬಾಯಿಂದ ಹೊರಹಾಕುತ್ತದೆ. ಉಂಡೆಗಳು ಜಾಸ್ತಿಯಾಗಿ, ಮೈಬಣ್ಣವೂ ತಿಳಿಯಾಗುತ್ತಿದ್ದರೆ ಆಗ ಎಚ್ಚರ.

ನಾನು ಎಡವಿದ್ದು ಎಲ್ಲಿ

ನನಗೆ ಮೊದಲು ಅನುಮಾನ ಬಂದದ್ದು ನೀರಿನ ಮೇಲೆ. ರಾಯಚೂರಿನ ಬೋರ್ ನೀರು ಗೊತ್ತಲ್ವಾ, ಕೊಡದ ತಳದಲ್ಲಿ ಸುಣ್ಣ ಕಟ್ಟುತ್ತದೆ. ಆರ್‌ಒ ಫಿಲ್ಟರ್ ಕೆಟ್ಟಿರಬೇಕು ಎಂದುಕೊಂಡೆ. ರಿಫ್ರಾಕ್ಟೋಮೀಟರಿನಲ್ಲಿ ಉಪ್ಪು ನೋಡಿದರೆ ಸಾವಿರಕ್ಕೆ 44 ಇತ್ತು, ಇರಬೇಕಾದದ್ದು 35. ಅದೇ ದಿನ ಎಲ್ಲಾ ಜಾಡಿಗಳ ನೀರನ್ನು ಒಂದೇ ಸಲ ಬದಲಾಯಿಸಿದೆ. ಅದು ತಪ್ಪು. 44ರಿಂದ 35ಕ್ಕೆ ಒಮ್ಮೆಗೇ ಇಳಿಸಿದ್ದಕ್ಕೆ ಎರಡು ಅನಿಮೋನ್ ಮರುದಿನವೇ ಕರಗಿದವು. ಆಮೇಲೆ ಫಿಲ್ಟರ್ ಬದಲಾಯಿಸಿದೆ, ನೀರನ್ನು ಪರೀಕ್ಷೆಗೆ ಕಳಿಸಿದೆ, ವರದಿಗೆ ಕಾದೆ. ವರದಿಯಲ್ಲಿ ತಪ್ಪೇನೂ ಇರಲಿಲ್ಲ. ನಾಲ್ಕು ವಾರ ಹೋಯಿತು.

ಉಷ್ಣತೆಯನ್ನು ನಾನು ಅನುಮಾನಿಸಲೇ ಇಲ್ಲ. ಯಾಕೆಂದರೆ ರಿಜಿಸ್ಟರಿನಲ್ಲಿ ದಿನವೂ ಬರೆದಿದ್ದೆವು: ಬೆಳಗ್ಗೆ 9:30, 27 ಡಿಗ್ರಿ. ರಜೆಯಲ್ಲೂ ಅಟೆಂಡರ್ ಅಣ್ಣ ತಪ್ಪದೆ ಬರೆದಿದ್ದರು. ಎಲ್ಲ ಸಾಲೂ ಸರಿಯಾಗೇ ಇದ್ದವು.

ಕೊನೆಗೆ ಗುಟ್ಟು ಹೇಳಿದ್ದೂ ಅವರೇ. ನಾನು ಜಾಡಿಗಳನ್ನು ಒರೆಸಿ ಇಡುತ್ತಿದ್ದೆ. "ಮೇಡಂ, ಮ್ಯಾಲಿನ ಹಲಗಿ ಮಧ್ಯಾಹ್ನ ಕೈ ಇಡಾಕ ಆಗಂಗಿಲ್ರಿ" ಅಂದರು. ಆಗ ಜಾಡಿಗಳ ಜಾಗ ಕಣ್ಣಿಗೆ ಬಿತ್ತು. ಮೇಲಿನ ಹಲಗೆಯ ಜಾಡಿಗಳು ಪೂರ್ತಿ ಬಿಳಿ. ನಡುವಿನ ಹಲಗೆಯವು ಬಿಳಿ, ಆದರೆ ಬಾಯಿ ಸುತ್ತ ಸ್ವಲ್ಪ ಕಂದು. ಕಂದಾಗಿಯೇ ಉಳಿದ ಎರಡು ಜಾಡಿ ಕೆಳಗೆ, ನೆಲದ ಬಂಡೆಯ ಪಕ್ಕ.

ಮೊದಲ ಪರೀಕ್ಷೆ: ಮಧ್ಯಾಹ್ನದ ಬಿಸಿ

ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತನ್ನಿ. ದಿನದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಉಷ್ಣತೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಅದರ ತುದಿಯನ್ನು ಕೋಣೆಯ ಗಾಳಿಯಲ್ಲಲ್ಲ, ಜಾಡಿಯ ನೀರಿನಲ್ಲೇ ಇಳಿಬಿಡಿ. ಒಂದು ದಿನ ಮೇಲಿನ ಹಲಗೆ, ಇನ್ನೊಂದು ದಿನ ಕೆಳಗಿನದು. ನಮ್ಮಲ್ಲಿ ಮೇಲಿನ ಜಾಡಿಯ ನೀರು ಸಂಜೆ ನಾಲ್ಕಕ್ಕೆ 34 ಮುಟ್ಟುತ್ತಿತ್ತು. ಕೆಳಗಿನದು 30 ದಾಟಲಿಲ್ಲ. ಮೇಲೆ ಕಾದ ಆರ್‌ಸಿಸಿ ಚಾವಣಿ, ಪಕ್ಕದಲ್ಲಿ ಪಡುವಣ ಗೋಡೆ, ರಜೆಯಲ್ಲಿ ಮುಚ್ಚಿದ ಕಿಟಕಿ. ರಾತ್ರಿ ತಣ್ಣಗಾಗಿ ಬೆಳಗ್ಗೆ ಒಂಬತ್ತೂವರೆಗೆ ಮತ್ತೆ 27. ನಮ್ಮ ರಿಜಿಸ್ಟರಿಗೆ ಸಿಕ್ಕದ್ದು ಆ 27 ಮಾತ್ರ.

ಬಿಸಿಗೆ ಪಾಚಿ ಬಿಟ್ಟುಹೋಗುತ್ತದೆ ಎಂಬುದು ಹಳೇ ತಿಳಿವಳಿಕೆ. 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋದ ಬ್ರಿಟಿಷ್ ತಂಡದ ನಾಯಕ ಮಾರಿಸ್ ಯಂಗ್ ಮತ್ತು ಅವರ ಜೊತೆಗಾರರು ಇದನ್ನು ಗಮನಿಸಿ ಬರೆದಿದ್ದರು. ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಿದವರಲ್ಲಿ ರೂತ್ ಗೇಟ್ಸ್ ಮುಖ್ಯರು. ಜಮೈಕಾದ ದಿಬ್ಬಗಳಲ್ಲಿ ಹವಳ ಬಿಳಿಚುವುದನ್ನು ಅಧ್ಯಯನ ಮಾಡಿದ ಕಡಲ ಜೀವವಿಜ್ಞಾನಿ ಅವರು. 1992ರಲ್ಲಿ ಅವರು ಮತ್ತು ಜೊತೆಗಾರರು ಒಂದು ಹವಳವನ್ನೂ ಒಂದು ಐಪ್ಟೇಸಿಯವನ್ನೂ ಬಿಸಿಗೆ, ಚಳಿಗೆ ಒಡ್ಡಿದರು. ಪಾಚಿ ಒಂಟಿಯಾಗಿ ಹೊರಬರಲಿಲ್ಲ. ಅದನ್ನು ಹೊತ್ತ ಪ್ರಾಣಿಕೋಶವೇ ಕಳಚಿ, ಪಾಚಿಯ ಸಮೇತ ಹೊರಬಿತ್ತು. ಬಾಡಿಗೆದಾರ ಹೊರಟದ್ದಲ್ಲ, ಕೋಣೆಯೇ ಗೋಡೆಯಿಂದ ಕಿತ್ತು ಬಿದ್ದದ್ದು. ಪಾಚಿ ಕಳೆದುಕೊಳ್ಳಲು ಇದೊಂದೇ ದಾರಿಯಲ್ಲ, ಬೇರೆ ದಾರಿಗಳೂ ಇವೆ. ಆದರೆ ಬಿಸಿಯ ಪೆಟ್ಟು ಪಾಚಿಗೆ ಮಾತ್ರವಲ್ಲ, ಪ್ರಾಣಿಗೂ ಬೀಳುತ್ತದೆ ಎಂದು ನನಗೆ ಅರ್ಥವಾದದ್ದು ಈ ಕೆಲಸದಿಂದ. ಬಿಳಿಚಿದ ಜಾಡಿಯನ್ನು ರೋಗಿಯ ಹಾಗೆ ನೋಡಿಕೊಳ್ಳಬೇಕಾದದ್ದು ಅದಕ್ಕೇ.

ಬಿಸಿಯನ್ನು ಒಂದು ದಿನದ ಲೆಕ್ಕದಲ್ಲಿ ನೋಡಬೇಡಿ. ಅದು ಸಾಲದ ಬಡ್ಡಿಯ ಹಾಗೆ, ಸೇರುತ್ತಾ ಹೋಗುತ್ತದೆ. ಅಮೆರಿಕದ ನೋವಾ, ಅಂದರೆ ಅಲ್ಲಿನ ಸಾಗರ ಮತ್ತು ವಾತಾವರಣ ಸಂಸ್ಥೆ, ಉಪಗ್ರಹದಿಂದ ಹವಳ ದಿಬ್ಬಗಳ ಮೇಲೆ ಕಣ್ಣಿಟ್ಟಿರುವುದು ಇದೇ ಲೆಕ್ಕದಲ್ಲಿ. ಆ ಜಾಗದಲ್ಲಿ ವರ್ಷದ ಅತಿ ಬೆಚ್ಚಗಿನ ತಿಂಗಳ ಸರಾಸರಿ ಎಷ್ಟೋ, ಅದಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಒಂದು ವಾರ ಇದ್ದರೆ ಒಂದು ಅಂಕ. ಹನ್ನೆರಡು ವಾರಗಳ ಅಂಕಗಳನ್ನು ಕೂಡುತ್ತಾರೆ. ನಾಲ್ಕು ಮುಟ್ಟಿದರೆ ಹವಳ ಬಿಳಿಚುವ ಸಂಭವ ಜಾಸ್ತಿ, ಎಂಟು ಮುಟ್ಟಿದರೆ ಸಾವೂ ಶುರು. ಒಂದೇ ಒಂದು ಡಿಗ್ರಿ, ನೋಡಿ. ನಮಗೆ 41 ಮತ್ತು 42ರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹವಳ ತನ್ನೂರಿನ ಬೇಸಿಗೆಯ ತುದಿಯಲ್ಲೇ ಬದುಕುತ್ತಿರುತ್ತದೆ, ಅದಕ್ಕೆ ಆ ಒಂದು ಡಿಗ್ರಿ ದೊಡ್ಡದು. 1998, 2010, 2014-17, ಆಮೇಲೆ 2023ರಿಂದ: ಪ್ರಪಂಚದ ದಿಬ್ಬಗಳು ದೊಡ್ಡದಾಗಿ ಬಿಳಿಚಿದ್ದು ನಾಲ್ಕು ಸಲ.

ನಾವೂ ಈಗ ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಹಾಕಿದ್ದೇವೆ. ಸಂಜೆ ನಾಲ್ಕರ ಓದು 30 ದಾಟಿದರೆ ಎಷ್ಟು ದಾಟಿತೋ ಬರೆದು, ವಾರದ ಕೊನೆಗೆ ಕೂಡುತ್ತೇವೆ.

ತಂಪು ಮಾಡುವುದು

ಎಸಿ ಇಲ್ಲದ ಕಡೆ, ಕರೆಂಟ್ ಹೋಗುವ ಕಡೆ, ನಮ್ಮ ಒಣ ಬಿಸಿಲೇ ನೆರವಿಗೆ ಬರುತ್ತದೆ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮರಳು ಹಾಕಿ. ಅದರಲ್ಲಿ ಜಾಡಿಯನ್ನು ಕುತ್ತಿಗೆಯವರೆಗೆ ಹೂತು ಮರಳನ್ನು ನೆನೆಸಿ. ಸುತ್ತ ಒದ್ದೆ ಗೋಣಿಚೀಲ. ಗಾಳಿಯಾಡುವ ಜಾಗದಲ್ಲಿ, ನೆಲದ ಮೇಲಿಡಿ. ಮಡಕೆ ನೀರು ತಂಪಾಗುವ ವಿದ್ಯೆಯೇ ಇದು. ಕೋಣೆ 38 ಇದ್ದಾಗ ನಮ್ಮ ಜಾಡಿ 28ರಲ್ಲಿ ನಿಂತಿತು. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಬಂದರೆ ಇದು ಅಷ್ಟು ಕೆಲಸ ಮಾಡುವುದಿಲ್ಲ, ಆದರೆ ಆಗ ಬಿಸಿಯೂ ಇಳಿದಿರುತ್ತದೆ. ಮರಳಿಗೆ ಹಾಕುವ ನೀರು ಬೋರ್‌ನದ್ದಾದರೂ ನಡೆಯುತ್ತದೆ. ಜಾಡಿಯೊಳಗೆ ಮಾತ್ರ ಒಂದು ಹನಿ ಹೋಗಬಾರದು.

ಇನ್ನು ಮೇಲಿನ ಹಲಗೆಯನ್ನು ಪುಸ್ತಕಗಳಿಗೆ ಬಿಟ್ಟುಕೊಡಿ.

ಎರಡನೇ ಪರೀಕ್ಷೆ: ಉಪ್ಪು

ಉಪ್ಪು ಹೆಚ್ಚಾಗಿದ್ದು ನಿಜ, ಆದರೆ ಅದೂ ಬಿಸಿಯ ಕೂಸೇ. ಎರಡು ಲೀಟರ್ ಜಾಡಿಯಿಂದ 400 ಮಿಲಿಲೀಟರ್ ನೀರು ಆವಿಯಾದರೆ 35 ಇದ್ದದ್ದು 44ರ ಹತ್ತಿರ ಹೋಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನಮ್ಮ ಸವಳು ಭೂಮಿಯಲ್ಲಿ ಆಗುವುದೂ ಇದೇ ಅಲ್ವಾ?

ಹಾಗಾಗಿ ಕಡಿಮೆಯಾದಷ್ಟು ಸಪ್ಪೆ ನೀರನ್ನೇ, ಅಂದರೆ ಆರ್‌ಒ ಇಲ್ಲವೇ ಡಿಸ್ಟಿಲ್ಡ್ ನೀರನ್ನೇ ಸೇರಿಸಬೇಕು. ಉಪ್ಪು ನೀರು ಸೇರಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಜಾಡಿಯ ಹೊರಗೆ ಮಾರ್ಕರಿನಲ್ಲಿ ಗೆರೆ ಹಾಕಿಟ್ಟರೆ ಯಾರು ಬೇಕಾದರೂ ಗೆರೆಯವರೆಗೆ ತುಂಬಬಹುದು. ಈಗಾಗಲೇ ಏರಿದ್ದರೆ ದಿನಕ್ಕೆ ಒಂದೋ ಎರಡೋ ಅಂಕದಂತೆ ಇಳಿಸಿ. ರಿಫ್ರಾಕ್ಟೋಮೀಟರನ್ನು ಪ್ರತಿ ಸಲ ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ಹೊಂದಿಸಿಕೊಳ್ಳಿ. ಅಡುಗೆ ಉಪ್ಪು ನಡೆಯುವುದಿಲ್ಲ, ಸಮುದ್ರ ಅಕ್ವೇರಿಯಂನ ಉಪ್ಪೇ ಬೇಕು.

ಬೆಳಕು, ವಿಷ

ಬೆಳಕು ಬೇಗ ನೋಡಿ ಮುಗಿಸಬಹುದು. ನೇರ ಬಿಸಿಲು ಬೀಳುತ್ತಿದೆಯೇ? ಹೊಸ ಎಲ್‌ಇಡಿ ಹಾಕಿದಿರೇ? ಬಿಸಿ ಮತ್ತು ಜೋರು ಬೆಳಕು ಒಟ್ಟಿಗೆ ಬಂದರೆ ಅಪಾಯ ಹೆಚ್ಚು. ಬಿಸಿಗೆ ಪಾಚಿಯೊಳಗಿನ ಬೆಳಕು ಹಿಡಿಯುವ ಯಂತ್ರ ಕುಂಟುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಆಗ ಹುಟ್ಟುವ, ಮುಟ್ಟಿದ್ದನ್ನೆಲ್ಲ ಕೆಡಿಸುವ ರೂಪದ ಆಮ್ಲಜನಕ ಪಾಚಿಯನ್ನೂ ಪ್ರಾಣಿಯನ್ನೂ ಸುಡುತ್ತದೆ. ಕತ್ತಲಲ್ಲೂ ಬಿಳಿಚುತ್ತದೆ, ಆದರೆ ನಿಧಾನವಾಗಿ, ವಾರಗಟ್ಟಲೆ. ಹನ್ನೆರಡು ಗಂಟೆ ಸಾಧಾರಣ ಬೆಳಕು, ಹನ್ನೆರಡು ಗಂಟೆ ಕತ್ತಲು ಸಾಕು.

ಎಲ್ಲಾ ಹಲಗೆಯ ಜಾಡಿಗಳೂ ಒಂದೇ ದಿನ ಬಿಳಿಚಿದರೆ ಆಗ ವಿಷವನ್ನು ಅನುಮಾನಿಸಿ. ಬಿಸಿಯಾದರೆ ಹಲಗೆಯಿಂದ ಹಲಗೆಗೆ ವ್ಯತ್ಯಾಸ ಕಾಣುತ್ತದೆ. ನೀರಿನಲ್ಲಿ ಬಂದ ವಿಷ ಹಾಗೆ ಭೇದ ಮಾಡುವುದಿಲ್ಲ. ತಾಮ್ರ ಮೊದಲನೆಯದು: ಮೀನಿನ ಔಷಧಿಯಲ್ಲಿ ಇರುತ್ತದೆ. ಆಮೇಲೆ ಫಿನಾಯಿಲ್, ಸೊಳ್ಳೆ ಸ್ಪ್ರೇ. ಹೊಲದಲ್ಲಿ ಔಷಧಿ ಹೊಡೆದು ನೇರ ಕಾಲೇಜಿಗೆ ಬರುವ ಹುಡುಗರು ನಮ್ಮಲ್ಲಿ ಬಹಳ. ಡೈಯುರಾನ್ ಎಂಬ ಕಳೆನಾಶಕ ಕಳೆಯ ದ್ಯುತಿಸಂಶ್ಲೇಷಣೆಯನ್ನು ಹೇಗೆ ನಿಲ್ಲಿಸುತ್ತದೋ ಹವಳದ ಪಾಚಿಯದ್ದನ್ನೂ ಹಾಗೇ ನಿಲ್ಲಿಸುತ್ತದೆ. ನೋವಿನ ಮುಲಾಮು ಹಚ್ಚಿದ ಕೈಯೂ ಬೇಡ. ಪ್ರಯೋಗಾಲಯಗಳಲ್ಲಿ ಅನಿಮೋನ್‌ನಿಂದ ಪಾಚಿ ಬಿಡಿಸಲು ಬೇಕೆಂದೇ ಮೆಂಥಾಲ್ ಬಳಸುತ್ತಾರೆ. ಕೈ ತೊಳೆದು, ಸಪ್ಪೆ ನೀರಿನಲ್ಲಿ ಇನ್ನೊಮ್ಮೆ ತೊಳೆದು ಬನ್ನಿ ಎಂದು ಬಾಗಿಲಲ್ಲೇ ಬರೆದು ಅಂಟಿಸಿದ್ದೇವೆ.

ಆರೈಕೆ

ಬಿಳಿಚಿದ ಅನಿಮೋನ್‌ಗೆ ಹಸಿವು. ಮನೆಯಲ್ಲಿ ಅಡುಗೆ ಮಾಡುವವರೇ ಹೋದ ಹಾಗೆ. ಹವಳವಾದರೆ ಕೆಲವು ವಾರಗಳಲ್ಲಿ ಪಾಚಿ ಮರಳದಿದ್ದರೆ ಸಾಮಾನ್ಯವಾಗಿ ಸಾಯುತ್ತದೆ. ಐಪ್ಟೇಸಿಯ ಹಾಗಲ್ಲ. ತಿನ್ನಿಸಿದರೆ ಪಾಚಿಯಿಲ್ಲದೆಯೂ ಬದುಕುತ್ತದೆ. ವಾರಕ್ಕೆ ಎರಡು ಸಲ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ (ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಕೊಡಿ. ತಿಂದು ಉಳಿದದ್ದನ್ನು ಕೆಲವು ಗಂಟೆ ಬಿಟ್ಟು ಹೀರಿ ತೆಗೆಯಿರಿ, ಕೊಳೆತರೆ ಅಮೋನಿಯಾ. ಉಷ್ಣತೆ 25-26, ಬೆಳಕು ಮಂದ. ಮೈಯಲ್ಲಿ ಉಳಿದ ನಾಲ್ಕಾರು ಪಾಚಿ ಕೋಶಗಳೇ ಒಡೆದು ಒಡೆದು ಹೆಚ್ಚುತ್ತವೆ. ನಮ್ಮಲ್ಲಿ ಮೂರನೇ ವಾರಕ್ಕೆ ಬಾಯಿ ಸುತ್ತ ಕಂದು ಬಂತು, ಏಳನೇ ವಾರಕ್ಕೆ ಎಳೆಗಳ ತುದಿಗೆ. ಅವತ್ತು ಅಟೆಂಡರ್ ಅಣ್ಣ ಎಲ್ಲರನ್ನೂ ಕರೆದು ತೋರಿಸಿದರು.

ಕಂದಾಗಿ ಉಳಿದ ಆ ಎರಡು ಜಾಡಿ

ಮೊದಲ ದಿನ ಅವನ್ನು ನೋಡಿ ನನಗೆ ಬಂದ ಯೋಚನೆ, ಇವು ಗಟ್ಟಿ ತಳಿ ಇರಬೇಕು ಎಂದು. ಆ ಯೋಚನೆಗೆ ಕಾರಣವಿತ್ತು. ರೂತ್ ಗೇಟ್ಸ್ ಹವಾಯಿಯಲ್ಲಿ ಮಾಡಿದ್ದೇ ಇದು, ಬಿಳಿಚದೆ ಉಳಿದವರನ್ನು ಹುಡುಕುವುದು. ಬೇರೆಯವರು ಸತ್ತ ಹವಳ ಎಣಿಸುತ್ತಿದ್ದಾಗ ಅವರು ಉಳಿದ ಹವಳದ ಮುಂದೆ ನಿಂತು ಯಾಕೆ ಉಳಿದೆ ಎಂದು ಕೇಳಿದರು. ಹವಳ ವಿಜ್ಞಾನಿ ಮಡೆಲೀನ್ ವಾನ್ ಓಪನ್ ಜೊತೆ ಸೇರಿ, ಅಂಥ ಹವಳಗಳನ್ನು ಆರಿಸಿ, ಬಿಸಿಗೆ ಪಳಗಿಸಿ, ತಳಿ ಬೆಳೆಸುವ ದಾರಿಯನ್ನು 2015ರಲ್ಲಿ ಮುಂದಿಟ್ಟರು. 2018ರಲ್ಲಿ ತೀರಿಕೊಂಡರು, ಇನ್ನೂ 56 ವರ್ಷ. ಅವರ ಬಗ್ಗೆ ಪಾಠ ಮಾಡುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತದೆ.

ಹವಾಯಿಯ ಕನೆಯೋಹೆ ಕೊಲ್ಲಿಯಲ್ಲಿ ಅವರ ತಂಡ ಆರಿಸಿದ್ದು ಅಕ್ಕಪಕ್ಕ ಬೆಳೆದ ಜೋಡಿ ಹವಳಗಳನ್ನು. ಒಂದೇ ಜಾತಿ, ಒಂದೇ ನೀರು, ಒಂದೇ ಬಿಸಿಲು. 2015ರ ಬಿಸಿಯಲ್ಲಿ ಒಂದು ಬಿಳಿಚಿತು, ಪಕ್ಕದ್ದು ಬಿಳಿಚಲಿಲ್ಲ. ಅಕ್ಕಪಕ್ಕ ಇದ್ದದ್ದರಿಂದಲೇ, ವ್ಯತ್ಯಾಸ ಜಾಗದ್ದಲ್ಲ, ಹವಳದ್ದೇ ಎಂದು ಹೇಳಲು ಬಂತು. ನನ್ನ ಎರಡು ಜಾಡಿಗಳು ನೆರಳಲ್ಲಿದ್ದವು. ತಂಪಲ್ಲಿ ಕೂತವರನ್ನು ಗಟ್ಟಿಗರು ಅನ್ನುವುದು ಹೇಗೆ?

ಎಲ್ಲ ಜಾಡಿಗಳೂ ಚೇತರಿಸಿಕೊಂಡ ಮೇಲೆ, ಸೆಪ್ಟೆಂಬರಿನಲ್ಲಿ, ಪರೀಕ್ಷೆ ಮಾಡಿದೆವು. ಪ್ರತಿ ಜಾಡಿಯಿಂದ ಎರಡು ಮರಿ ತೆಗೆದು, ಬೇರೆ ಬೇರೆ ಬೀಕರಿಗೆ ಹಾಕಿ, ಒಂದೇ ವಾಟರ್ ಬಾತಿನಲ್ಲಿ 32 ಡಿಗ್ರಿಗೆ ಇಟ್ಟೆವು. ಬೀಕರುಗಳ ಜಾಗವನ್ನು ದಿನವೂ ಬದಲಾಯಿಸಿದೆವು. ಕೆಳಗಿನ ಹಲಗೆಯ ಒಂದು ಜಾಡಿಯ ಮರಿಗಳು ಮಿಕ್ಕವರ ಜೊತೆಗೇ ಒಂಬತ್ತನೇ ದಿನಕ್ಕೆ ಬಿಳಿಚಿದವು. ಅದನ್ನು ಕಾಪಾಡಿದ್ದು ನೆರಳು, ಅಷ್ಟೇ. ಇನ್ನೊಂದರ ಮರಿಗಳು ಹದಿನೆಂಟನೇ ದಿನವೂ ಕಂದಾಗಿದ್ದವು. ಅಲ್ಲಿಗೆ ನಿಲ್ಲಿಸಿದೆವು.

ಕಾರಣ ಪ್ರಾಣಿಯಲ್ಲಿದೆಯೋ ಪಾಚಿಯಲ್ಲಿದೆಯೋ ನಮ್ಮ ಮೈಕ್ರೋಸ್ಕೋಪು ಹೇಳಲಾರದು. ಪಾಚಿಯಲ್ಲಿ ಹಲವು ಕುಲಗಳಿವೆ, ನೋಡಲು ಎಲ್ಲವೂ ಒಂದೇ ಥರ. ಡಿಎನ್‌ಎ ಓದಿದರೇ ಗೊತ್ತಾಗುವುದು. ಡುರುಸ್ಡಿನಿಯಂ ಎಂಬ ಕುಲದ ಪಾಚಿ ಇದ್ದ ಹವಳ ಒಂದರಿಂದ ಒಂದೂವರೆ ಡಿಗ್ರಿ ಹೆಚ್ಚು ಬಿಸಿ ತಡೆದದ್ದನ್ನು ಆಸ್ಟ್ರೇಲಿಯಾದಲ್ಲಿ ಅಳೆದಿದ್ದಾರೆ. ಅದಕ್ಕೆ ಬೆಲೆಯೂ ಇದೆ: ಅಂಥ ಹವಳ ನಿಧಾನವಾಗಿ ಬೆಳೆಯುತ್ತದೆ. ನಮ್ಮ ಗಟ್ಟಿ ಜಾಡಿಯ ಅನಿಮೋನ್‌ಗಳೂ ಮಿಕ್ಕವಕ್ಕಿಂತ ಸಣ್ಣವೇ. ಅದರಿಂದ ಏನನ್ನೂ ಹೇಳಲು ಇನ್ನೂ ಬರುವುದಿಲ್ಲ, ಬರೆದಿಟ್ಟಿದ್ದೇವೆ.

ಆ ಜಾಡಿಗೆ ಕೆಂಪು ದಾರ ಕಟ್ಟಿದ್ದೇವೆ. ಪಾದದ ಚೂರುಗಳಿಂದ ಹುಟ್ಟಿದ ಮರಿಗಳು ಈಗ ನಾಲ್ಕು ಜಾಡಿಗಳಲ್ಲಿವೆ. ಎಲ್ಲವೂ ಒಂದೇ ತಾಯಿಯ ನಕಲು. ಈ ಏಪ್ರಿಲ್‌ನಲ್ಲಿ ಅವನ್ನೂ ಮಾಮೂಲಿ ಜಾಡಿಗಳನ್ನೂ ಒಂದು ಬಿಟ್ಟು ಒಂದರಂತೆ ಒಂದೇ ಹಲಗೆಯಲ್ಲಿ ಜೋಡಿಸುತ್ತೇವೆ. ಸಂಜೆ ನಾಲ್ಕರ ಓದನ್ನು ಅಟೆಂಡರ್ ಅಣ್ಣ ತಾವೇ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.